ಪಿಸುಗುಟ್ಟಿದ ಸಿಡಿಲು

ಗಿಣಿ ಎರಡು ಬೆರಳಿನಲ್ಲಿ ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಉಸಿರು ಬಿಗಿಹಿಡಿದಳು. ಕಣ್ಣಲ್ಲಿ ನೀರು ತುಂಬಿತು. ಆದರೂ ಸೀನು ಅವಳ ಮಾತು ಕೇಳಲಿಲ್ಲ.

"ಹಾ... ಕ್ಷೀ."

ಮುಚ್ಚಿದ ಬಾಗಿಲಿನ ಆಚೆ "ಮಣ್ಣಿನ ಸವೆತವನ್ನು ತಡೆಯಲು ಮರಗಳು..." ಎಂದು ಓದುತ್ತಿದ್ದ ದನಿ ಅಲ್ಲಿಗೇ ನಿಂತಿತು. ಬಾಗಿಲ ಮೇಲಿನ ಕೆಂಪು ಬಲ್ಬು ಆರಿತು.

ಆ ಬಲ್ಬು ಉರಿಯುತ್ತಿದ್ದರೆ ಒಳಗೆ ರೆಕಾರ್ಡಿಂಗ್ ನಡೆಯುತ್ತಿದೆ ಎಂದರ್ಥ. ಆಗ ಮನೆಯಲ್ಲಿ ಯಾರೂ ಸದ್ದು ಮಾಡಬಾರದು. ಯಾರೂ ಅಂದರೆ ಗಿಣಿ. ಅಮ್ಮ ನರ್ಸು. ಅವಳಿಗೆ ಈಗ ಮಧ್ಯಾಹ್ನದ ಶಿಫ್ಟು. ಗಿಣಿ ಸ್ಕೂಲಿನಿಂದ ಬರುವಷ್ಟರಲ್ಲಿ ಅವಳು ಆಸ್ಪತ್ರೆಗೆ ಹೋಗಿರುತ್ತಿದ್ದಳು. ಮನೆಯಲ್ಲಿ ಉಳಿಯುತ್ತಿದ್ದವನು ಅಪ್ಪ. ಅವನು ಬಾಗಿಲಿನ ಆಚೆ.

ಬಾಗಿಲು ತೆರೆಯಿತು. ಮೊದಲು ಪಾಠದ ಮಾಮನ ತಲೆ ಹೊರಗೆ ಬಂತು. ಸ್ಕೂಲಿನ ಪಾಠಗಳನ್ನು ಓದಿ ರೆಕಾರ್ಡ್ ಮಾಡಿಸುವುದು ಅವರ ಕೆಲಸ. ಅದಕ್ಕೇ ಗಿಣಿ ಅವರಿಗೆ ಆ ಹೆಸರು ಇಟ್ಟಿದ್ದಳು.

"ಓ, ನೀನಾ? ನಾನು ಬೆಕ್ಕು ಅಂದ್ಕೊಂಡೆ," ಎಂದರು ಮಾಮ. "ಹೋಗ್ಲಿ ಬಿಡು. ಸೀನೇನು ಹೇಳಿ ಕೇಳಿ ಬರತ್ತಾ?"

ಅವರ ಹಿಂದೆ ಅಪ್ಪ ನಿಂತಿದ್ದ. ಕೊರಳಲ್ಲಿ ಹೆಡ್‌ಫೋನು ನೇತಾಡುತ್ತಿತ್ತು. ಅವನು ನಗಲಿಲ್ಲ.

"ಪೂರ್ತಿ ಪುಟ ಮತ್ತೆ ಓದ್ಬೇಕು," ಎಂದ. ಆಮೇಲೆ ಗಿಣಿಯ ಕಡೆ ನೋಡಿದ. "ಗಿಣಿ, ನೀನು ಸ್ವಲ್ಪ..."

ಅಷ್ಟೇ ಹೇಳಿ ಒಳಗೆ ಹೋದ. ಬಾಗಿಲು ಮುಚ್ಚಿತು. ಬಲ್ಬು ಮತ್ತೆ ಹೊತ್ತಿಕೊಂಡಿತು.

ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು ಗಿಣಿಗೆ. ಬೈದರೆ ಅಳಬಹುದು. ಅತ್ತರೆ ಅಪ್ಪ ಬಂದು ತಲೆ ಸವರುತ್ತಾನೆ. ಅರ್ಧ ಮಾತನ್ನು ಇಟ್ಟುಕೊಂಡು ಏನು ಮಾಡುವುದು?

ಚಿಕ್ಕವಳಿದ್ದಾಗ ಯಾರು ಏನಂದರೂ ಅದನ್ನೇ ತಿರುಗಿ ಹೇಳುತ್ತಿದ್ದಳಂತೆ. ಅದಕ್ಕೇ ಅಪ್ಪ ಅವಳನ್ನು ಗಿಣಿ ಅಂತ ಕರೆಯಲು ಶುರು ಮಾಡಿದ್ದು. ಹಳೆಯ ಮನೆಯಲ್ಲಿ ಪಕ್ಕದ ಮನೆಯ ಗೆಳತಿ ಕಾಂಪೌಂಡಿನ ಆಚೆ, ಇವಳು ಈಚೆ ನಿಂತು ಕತ್ತಲಾಗುವವರೆಗೂ ಹರಟುತ್ತಿದ್ದರು. "ಬಾಯಿಗೆ ಬೀಗ ಹಾಕ್ಕೊಳ್ರೇ," ಎಂದು ಅಮ್ಮ ಕೂಗಿ ಕೂಗಿ ಸಾಕಾಗುತ್ತಿದ್ದಳು. ಈ ಮನೆಗೆ ಬಂದ ಮೇಲೆ ಬೀಗ ತಾನಾಗಿಯೇ ಬಿತ್ತು.

ಈ ಮನೆಯ ಮುಂದಿನ ಕೋಣೆಯೇ ಅಪ್ಪನ ಸ್ಟುಡಿಯೋ. ಗೋಡೆಗೆಲ್ಲ ಕಪ್ಪು ಸ್ಪಂಜು ಅಂಟಿಸಿದ್ದಾನೆ. ಕಿಟಕಿಗೆ ಹಳೆಯ ಹಾಸಿಗೆಯನ್ನೇ ನಿಲ್ಲಿಸಿದ್ದಾನೆ. ಆದರೂ ಬಾಗಿಲ ಕೆಳಗಿನ ಸಂದಿಯಿಂದ ಸದ್ದು ಹೇಗೋ ನುಸುಳುತ್ತದೆ.

ಹಾಗಾಗಿ ಗಿಣಿ ಸದ್ದಿಲ್ಲದೆ ಇರುವುದನ್ನು ಕಲಿತಳು. ಕಾಲುಚೀಲ ಹಾಕಿಕೊಂಡೇ ಓಡಾಡುತ್ತಿದ್ದಳು. ಬಿಸ್ಕತ್ತು ಕಟುಂ ಅನ್ನಬಾರದೆಂದು ಹಾಲಲ್ಲಿ ಅದ್ದಿ, ಮೆತ್ತಗಾದ ಮೇಲೆ ತಿನ್ನುತ್ತಿದ್ದಳು. ಟೀವಿ ಹಾಕಿ ಸೌಂಡ್ ಪೂರ್ತಿ ತೆಗೆದುಬಿಡುತ್ತಿದ್ದಳು. ಕಾರ್ಟೂನಿನ ಕರಡಿ ಬಾಯಿ ಆಡಿಸುತ್ತಿತ್ತು. ಅದು ಏನು ಹೇಳುತ್ತಿರಬಹುದು ಎಂದು ಮನಸ್ಸಿನಲ್ಲೇ ಮಾತು ಹೊಂದಿಸಿಕೊಳ್ಳುತ್ತಿದ್ದಳು.

ಮನೆಯ ಅಭ್ಯಾಸ ಸ್ಕೂಲಿಗೂ ಬಂತು. ಹೊಸ ಕ್ಲಾಸಿನಲ್ಲಿ ಎಲ್ಲರಿಗೂ ಆಗಲೇ ಜೊತೆಗಾರರಿದ್ದರು. ಗಿಣಿಗೆ ಸಿಕ್ಕಿದ್ದು ಕಿಟಕಿ ಪಕ್ಕದ ಒಂಟಿ ಬೆಂಚು. ಟೀಚರ್ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ದನಿ ಗಂಟಲಲ್ಲೇ ಉಳಿಯುತ್ತಿತ್ತು.

"ಜೋರಾಗಿ ಹೇಳಮ್ಮ. ಬಾಯಿ ಬಿಟ್ರೆ ಮುತ್ತು ಉದುರಿ ಹೋಗತ್ತಾ?" ಎಂದರು ಟೀಚರ್ ಒಂದು ದಿನ.

ಕ್ಲಾಸೆಲ್ಲ ನಕ್ಕಿತು. ಆಮೇಲೆ ಗಿಣಿ ಕೈ ಎತ್ತುವುದನ್ನೂ ಬಿಟ್ಟಳು.

ಸ್ಕೂಲಿಗೆ ರಜೆ ಬಂದ ವಾರ, ಒಬ್ಬ ಹೆಂಗಸು ದೊಡ್ಡ ರಟ್ಟಿನ ಡಬ್ಬ ಹೊತ್ತುಕೊಂಡು ಅಪ್ಪನನ್ನು ಹುಡುಕಿಕೊಂಡು ಬಂದರು. ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು, ಕೈಯಲ್ಲಿ ಸೋಪಿನ ವಾಸನೆ. ಅವರು ಹಲ್ಲಿನ ಡಾಕ್ಟರು.

ಡಬ್ಬದ ತುಂಬ ಚಪ್ಪಟೆ ಪೆಟ್ಟಿಗೆಗಳು. ಅಪ್ಪ ಒಂದನ್ನು ತೆರೆದ. ಒಳಗೆ ಊಟದ ತಟ್ಟೆಯಷ್ಟು ಅಗಲದ ಚಕ್ರ, ಅದಕ್ಕೆ ಸುತ್ತಿದ ಕಂದು ಟೇಪು.

"ನಮ್ಮ ತಂದೆಯವರ ಹಾಡುಗಳು," ಎಂದರು ಡಾಕ್ಟರು. "ಹಾರ್ಡ್ ರಾಕ್ ಹಾಡೋರು. ಅವರನ್ನ ಸಿಡಿಲು ಅಂತ ಕರೀತಿದ್ರು. ನೀವು ಕೇಳಿರಲ್ಲ ಬಿಡಿ, ಯಾರೂ ಕೇಳಿಲ್ಲ."

ಅಪ್ಪನ ಮುಖ ಅರಳಿತು. "ಕೇಳಿದೀನಿ ಡಾಕ್ಟ್ರೇ. ಕಾಲೇಜಲ್ಲಿ ಇದ್ದಾಗ ಫ್ರೆಂಡ್ ಹತ್ರ ಒಂದು ಕ್ಯಾಸೆಟ್ ಇತ್ತು. ಸವೆದು ಹೋಗೋವರೆಗೂ ಹಾಕಿ ಹಾಕಿ ಕೇಳಿದ್ವಿ. ಅಂಥ ಗಂಟಲು ಇನ್ನೊಂದಿಲ್ಲ. ರೇಡಿಯೋದವರು ಬರೀ ಗಲಾಟೆ ಅಂತ ಹಾಕಲೇ ಇಲ್ಲ."

"ಹೌದಂತೆ," ಎಂದರು ಅವರು, ಬೇರೆ ಯಾರದೋ ವಿಷಯ ಮಾತಾಡುತ್ತಿರುವ ಹಾಗೆ. "ಈಗ ಯಾವುದೋ ಚಿಕ್ಕ ಕಂಪನಿಯವರು ಮತ್ತೆ ತರ್ತಾರಂತೆ. ಅವರಂತೂ ಈಗಿಲ್ಲ. ನಾನೊಬ್ಳೇ ಮಗಳು, ನನ್ನನ್ನೇ ಕೇಳಿದ್ರು. ನಿಮ್ಮಿಂದ ಬರೀ ಹಾಡು ಸಾಕು. ಮಧ್ಯದ ಮಾತುಕತೆ, ಕೆಮ್ಮು, ಅದೆಲ್ಲ ಕಟ್ ಮಾಡ್ಬಿಡಿ."

"ಕೆಲಸ ಮುಗಿದ ಮೇಲೆ ಟೇಪು ವಾಪಸ್ ತಗೊಂಡು ಹೋಗ್ತೀರಲ್ಲ?"

"ಬೇಡ. ಮನೇಲಿ ಜಾಗ ಇಲ್ಲ. ಹಳೇ ಸಾಮಾನಿನವರಿಗೆ ಕೊಟ್ಬಿಡಿ."

ಹೊರಡುವಾಗ ಅವರು ಗಿಣಿಯನ್ನು ನೋಡಿದರು. "ಎಲ್ಲಿ, ಹಲ್ಲು ತೋರ್ಸು."

ಗಿಣಿ ತುಟಿ ಬಿಗಿಯಾಗಿ ಮುಚ್ಚಿಕೊಂಡಳು.

"ಅವಳು ಮಾತು ಸ್ವಲ್ಪ ಕಮ್ಮಿ," ಎಂದ ಅಪ್ಪ.

ಗಿಣಿ ತಟ್ಟನೆ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳು ಹುಟ್ಟಿದಾಗಿನಿಂದ ಹಾಗೇ ಇದ್ದಳೇನೋ ಎಂಬಂತೆ ಹೇಳಿದ್ದ.

ಟೇಪಿನ ಕೆಲಸಕ್ಕೆ ಅಪ್ಪ ನಡುಮನೆಯ ಮೇಜಿನ ಮೇಲೆ ದೊಡ್ಡ ಮೆಷೀನು ಇಟ್ಟ. ಎಡಗಡೆಯ ಚಕ್ರದಿಂದ ಬಲಗಡೆಯ ಚಕ್ರಕ್ಕೆ ಟೇಪು ಸುತ್ತಿಕೊಳ್ಳುತ್ತಾ ಹೋಗುವಾಗ ಹಾಡು ಕಂಪ್ಯೂಟರಿಗೆ ಇಳಿಯುತ್ತದೆ. ಟೇಪು ಎಷ್ಟು ಹೊತ್ತಿನದೋ ಅಷ್ಟು ಹೊತ್ತೂ ಓಡಬೇಕು. ಅವಸರ ಮಾಡುವ ಹಾಗಿಲ್ಲ.

"ಹಳೇ ಟೇಪು, ಎಲ್ಲಾದ್ರೂ ಕಟ್ಟಾಗಬಹುದು," ಎಂದ ಅಪ್ಪ. "ನನಗೆ ಒಳಗೆ ಪಾಠದ ರೆಕಾರ್ಡಿಂಗ್ ಇದೆ. ನೀನು ಇಲ್ಲಿ ಕೂತು ನೋಡ್ಕೋತೀಯಾ? ಕಟ್ಟಾದ್ರೆ ಈ ಬಟನ್ ಒತ್ತಿಬಿಡು."

ಅವನು ಗಿಣಿಯ ಕಿವಿಗೆ ಹೆಡ್‌ಫೋನು ಹಾಕಿ ಒಳಗೆ ಹೋದ.

ಮೊದಲು ಸುಯ್ ಎಂಬ ಸದ್ದು. ಆಮೇಲೆ ಗಿಟಾರು, ಗರಗಸದಿಂದ ತಗಡು ಕೊಯ್ದ ಹಾಗೆ. ಡ್ರಮ್ಮು ಧಬಧಬ ಬಡಿಯಿತು. ಅದರ ಮೇಲೆ ಒಂದು ದನಿ ಎದ್ದು ಬಂತು. ಗಿಣಿ ಬೆಚ್ಚಿಬಿದ್ದು ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಇಟ್ಟಳು.

ಇದೇನು ಹಾಡೋ, ಕಬ್ಬಿಣದ ಟ್ರಂಕನ್ನು ನೆಲದ ಮೇಲೆ ಎಳೆಯುತ್ತಿದ್ದಾರೋ?

ಸುಮ್ಮನೆ ತಿರುಗುವ ಚಕ್ರಗಳನ್ನು ನೋಡುತ್ತಾ ಕೂತಳು. ಬಾಗಿಲ ಮೇಲೆ ಕೆಂಪು ಬಲ್ಬು ಉರಿಯುತ್ತಿತ್ತು. ಅಡುಗೆಮನೆಯ ನಲ್ಲಿ ಕೂಡ ಸದ್ದಿಲ್ಲದೆ ತೊಟ್ಟಿಕ್ಕುತ್ತಿತ್ತು, ಅಮ್ಮ ಅದರ ಕೆಳಗೆ ಬಟ್ಟೆ ಹಾಕಿಟ್ಟಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಬೇರೆ ಏನೂ ತೋಚದೆ ಗಿಣಿ ಮತ್ತೆ ಹೆಡ್‌ಫೋನು ಹಾಕಿಕೊಂಡಳು.

ಆ ದನಿ ಇನ್ನೂ ಕೂಗುತ್ತಲೇ ಇತ್ತು. ಈ ಮನೆಯಲ್ಲಿ ಇಷ್ಟು ಜೋರಾಗಿ ಯಾರೂ ಕೂಗಿರಲಿಲ್ಲ. ಆದರೂ ಅದು ಗಿಣಿಯ ಎರಡು ಕಿವಿಗಳ ಮಧ್ಯೆ ಮಾತ್ರ ಇತ್ತು, ಹೊರಗೆ ಒಂದು ಚೂರೂ ಚೆಲ್ಲುತ್ತಿರಲಿಲ್ಲ. ಅದು ಅವಳಿಗೆ ಇಷ್ಟವಾಯಿತು.

ಮರುದಿನ ಅಪ್ಪ ಹೇಳುವ ಮೊದಲೇ ಅವಳು ಮೆಷೀನಿನ ಮುಂದೆ ಕೂತಿದ್ದಳು.

ಒಂದೊಂದೇ ಟೇಪು ಕೇಳುತ್ತಾ ಹೋದ ಹಾಗೆ ಸಿಡಿಲಿನ ಗುಟ್ಟುಗಳು ಗಿಣಿಗೆ ತಿಳಿಯತೊಡಗಿದವು. ಜೋರಾಗಿ ಕೂಗುವ ಮುಂಚೆ ಅವರು ನಾಲಿಗೆಯಿಂದ 'ಟ್ಕ್' ಅಂತ ಚಿಕ್ಕ ಸದ್ದು ಮಾಡುತ್ತಿದ್ದರು. ಎತ್ತರದ ಸ್ವರಕ್ಕೆ ಹೋದಾಗ ದನಿ ನಡುವೆ ಸೀಳಿ ಎರಡಾಗುತ್ತಿತ್ತು, ಆದರೆ ಒಡೆದು ಹೋಗುತ್ತಿರಲಿಲ್ಲ. ಶುರುವಿನ ಟೇಪುಗಳಲ್ಲಿ ಬರೀ ಅಬ್ಬರ. ಆಮೇಲಾಮೇಲೆ ಅಬ್ಬರದ ಒಳಗೆ ಏನೋ ದುಃಖ ಇರುತ್ತಿತ್ತು. ಒಂದು ಹಾಡು ಮುರಿದ ಸೇತುವೆಯದು. ಒಂದು ನಾಯಿಗೆ ಹೆದರುವ ಪೈಲ್ವಾನನದು. ಅದನ್ನು ಕೇಳಿ ಗಿಣಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಎಲ್ಲಕ್ಕಿಂತ ಜೋರಾದದ್ದು ಮಲಗಿದವರನ್ನು ಎಬ್ಬಿಸುವ ಹಾಡು:

"ಏಳಿರೋ ಏಳಿ, ಮಲಗಿದ್ದು ಸಾಕು!"

ಆ ಸಾಲು ಬಂದಾಗ ಹೆಡ್‌ಫೋನೇ ನಡುಗುತ್ತಿತ್ತು.

ಒಂದೇ ಹಾಡನ್ನು ಅವರು ಮತ್ತೆ ಮತ್ತೆ ಹಾಡುತ್ತಿದ್ದರು. ಹಾಡು ಹಾಡಿನ ಮಧ್ಯೆ ಟೇಪು ಓಡುತ್ತಲೇ ಇರುತ್ತಿತ್ತು. ಯಾರೋ ನೀರು ಕುಡಿಯುತ್ತಿದ್ದರು. ಯಾರೋ ಗಿಟಾರಿನ ತಂತಿ ಬಿಗಿ ಮಾಡುತ್ತಿದ್ದರು. ಹಾಗೆ ಕೇಳುತ್ತಿರುವಾಗ, ಒಂದು ಟೇಪಿನಲ್ಲಿ, ತೀರಾ ದೂರದಿಂದ ಒಂದು ಪುಟ್ಟ ದನಿ ಬಂತು.

"ಅಪ್ಪಾ, ಮುಗೀತಾ?"

"ಇನ್ನೊಂದೇ ಒಂದು, ಕಂದಾ," ಎಂದಿತು ಸಿಡಿಲಿನ ದನಿ.

ಗಿಣಿ ಹಿಂದಿರುಗಿ ನೋಡಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಆ ಹುಡುಗಿ ಟೇಪಿನ ಒಳಗೆ ಇದ್ದಳು.

ಆಮೇಲೆ ಗಿಣಿ ಹಾಡು ಯಾವಾಗ ಮುಗಿಯುತ್ತದೆ ಎಂದೇ ಕಾಯತೊಡಗಿದಳು. ಮುಗಿದ ಕೂಡಲೇ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಒಮ್ಮೆ ಸ್ಟೂಲು ಕಿರ್ ಅನ್ನುತ್ತಿತ್ತು. ಒಮ್ಮೆ ಕಾಗದದ ಪೊಟ್ಟಣ ಬಿಚ್ಚುವ ಸದ್ದು. "ಸದ್ದು ಮಾಡ್ಬೇಡಮ್ಮ ಮಗು," ಎಂದು ಯಾರೋ ದೊಡ್ಡವರು ಹೇಳುತ್ತಿದ್ದರು. ಸದ್ದು ನಿಲ್ಲುತ್ತಿತ್ತು.

ಆ ಹುಡುಗಿ ಏನು ಮಾಡುತ್ತಿರಬಹುದು ಎಂದು ಗಿಣಿಗೆ ಚೆನ್ನಾಗಿ ಗೊತ್ತಿತ್ತು. ಕಾಲು ಮಡಿಸಿ ಕೂತು ಗೋಡೆಯ ಚುಕ್ಕೆ ಎಣಿಸುತ್ತಿರುತ್ತಾಳೆ. ಹಸಿವಾದರೂ ಹೇಳುವುದಿಲ್ಲ.

ಟೇಪು ಬದಲಾದ ಹಾಗೆ ಅವಳ ದನಿಯೂ ಬೆಳೆಯಿತು. ತೊದಲು ಹೋಯಿತು. "ಮುಗೀತಾ?" ಎಂದು ಕೇಳುವುದು ಕಡಿಮೆಯಾಯಿತು.

ಹಸಿರು ಪೆಟ್ಟಿಗೆಯ ಟೇಪು ಹಾಕಿದ ದಿನ, ಎಬ್ಬಿಸುವ ಹಾಡು ಮತ್ತೆ ಬಂತು. ಒಮ್ಮೆ ಹಾಡಿ ಮುಗಿಯಿತು. "ಇನ್ನೊಂದು ಟೇಕ್ ಮಾಡೋಣ," ಎಂದರು ಯಾರೋ.

"ಶ್," ಎಂದಿತು ಸಿಡಿಲು. "ಮಗಳು ಮಲಗ್ಬಿಟ್ಟಿದಾಳೆ."

"ಈಗೇನ್ಮಾಡೋದು? ನಾಳೆ ಸ್ಟುಡಿಯೋ ಸಿಗಲ್ಲ."

"ಅವಳು ಏಳೋವರೆಗೂ ಮೆಲ್ಲಗೆ ಪ್ರಾಕ್ಟೀಸ್ ಮಾಡೋಣ. ಡ್ರಮ್ಮು ಬೇಡ. ಬೆರಳಲ್ಲಿ ತಟ್ಟು ಸಾಕು."

ಗಿಟಾರು ಶುರುವಾಯಿತು, ಯಾರೋ ಪಕ್ಕದ ಮನೆಯಲ್ಲಿ ನುಡಿಸುತ್ತಿರುವ ಹಾಗೆ. ಆಮೇಲೆ ಸಿಡಿಲು ಹಾಡಿದರು. ಪಿಸುಮಾತಿನಲ್ಲಿ.

"ಏಳಿರೋ ಏಳಿ... ಮಲಗಿದ್ದು ಸಾಕು..."

ಗಿಣಿಗೆ ನಗು ಬಂತು. ಮಗಳು ಎಚ್ಚರವಾಗದಿರಲಿ ಎಂದು ಎಬ್ಬಿಸುವ ಹಾಡನ್ನು ಪಿಸುಗುಟ್ಟುತ್ತಿದ್ದಾರೆ. ಕೂಗಬೇಕಾದ ಜಾಗದಲ್ಲಿ ಬರೀ ಉಸಿರು ಬಿಟ್ಟರು. ಕೇಳುತ್ತಾ ಕೇಳುತ್ತಾ ಗಿಣಿಯ ನಗು ಎಲ್ಲಿಗೋ ಹೋಯಿತು. ಅಷ್ಟು ದೊಡ್ಡ ದನಿ ಅಷ್ಟು ಚಿಕ್ಕದಾಗಬಹುದು ಎಂದು ಅವಳು ಅಂದುಕೊಂಡಿರಲಿಲ್ಲ.

ಆಗ ಇನ್ನೊಂದು ಸದ್ದು ಕಿವಿಗೆ ಬಿತ್ತು. ಟಕ್, ಟಕ್. ಬೆರಳಿನ ತಾಳ ಒಂದು ಕಡೆ. ಇದು ಬೇರೆ ಕಡೆಯಿಂದ, ಮರಕ್ಕೆ ಏನೋ ತಾಗುತ್ತಿರುವ ಸದ್ದು. ಹಾಡು ನಿಂತಿತು, ಬೆರಳೂ ನಿಂತಿತು. ಟಕ್ ಅನ್ನುವುದು ಮಾತ್ರ ಇನ್ನೊಂದು ಸಲ ಕೇಳಿಸಿತು. ಆಮೇಲೆ ಹೆದರಿಕೊಂಡ ಹಾಗೆ ಗಪ್ಪನೆ ನಿಂತಿತು.

ಗಿಣಿ ಮೇಜಿನ ಕೆಳಗೆ ಬಗ್ಗಿ ತನ್ನ ಕಾಲನ್ನು ನೋಡಿದಳು. ಅದೂ ಸ್ಟೂಲಿನ ಕಾಲಿಗೆ ತಾಗುತ್ತಾ ತಾಳ ಹಾಕುತ್ತಿತ್ತು.

ಆ ಹುಡುಗಿ ಮಲಗಿರಲಿಲ್ಲ.

ಉಳಿದ ಟೇಪುಗಳಲ್ಲಿ ಆ ಹುಡುಗಿ ಒಂದೆರಡು ಸಲ ಸಿಕ್ಕಳು. ಆಮೇಲೆ ಸಿಗಲೇ ಇಲ್ಲ. ಹಾಡು ಮುಗಿದ ಮೇಲೆ ಸ್ಟೂಲು ಕಿರ್ ಅನ್ನಲಿಲ್ಲ. ಗಿಣಿಗೆ ಮನೆ ಮತ್ತೆ ಖಾಲಿಯಾದ ಹಾಗಾಯಿತು.

ಕೊನೆಯ ಟೇಪಿನಲ್ಲಿ ಸಿಡಿಲಿನ ದನಿಗೆ ವಯಸ್ಸಾಗಿತ್ತು. ಹಾಡು ಮುಗಿಸಿ ಅವರು ದೊಡ್ಡದಾಗಿ ಉಸಿರುಬಿಟ್ಟರು.

"ಮುಗೀತು ಕಂದಾ, ನಡಿ ಹೋಗೋಣ," ಎಂದರು.

ಯಾರೂ ಉತ್ತರ ಕೊಡಲಿಲ್ಲ.

"ಯಾರಿಗೆ ಹೇಳ್ತಿದೀಯ ಮಾರಾಯ?" ಎಂದು ಯಾರೋ ನಕ್ಕರು.

"ಅಭ್ಯಾಸ," ಎಂದಿತು ಸಿಡಿಲು.

ಟೇಪಿನ ತುದಿ ಬಿಡಿಸಿಕೊಂಡು ಪಟಪಟ ಹೊಡೆದುಕೊಳ್ಳತೊಡಗಿತು. ಗಿಣಿ ಬಟನ್ ಒತ್ತುವುದನ್ನು ಮರೆತು ಕೂತಿದ್ದಳು.

ಅಪ್ಪ ಸಂಜೆ ಹಾಡುಗಳನ್ನು ಬಿಡಿಸುವ ಕೆಲಸಕ್ಕೆ ಕೂತ. ಕಂಪ್ಯೂಟರಿನ ಪರದೆಯಲ್ಲಿ ಹಾಡುಗಳು ದಪ್ಪ ದಪ್ಪ ಪಟ್ಟೆಗಳ ಹಾಗೆ ಕಾಣುತ್ತಿದ್ದವು. ಎರಡು ಪಟ್ಟೆಗಳ ಮಧ್ಯೆ ತೆಳ್ಳಗಿನ ಗೆರೆ, ಅಂದರೆ ಹಾಡಿಲ್ಲದ ಜಾಗ. ಅಪ್ಪ ಅವನ್ನೆಲ್ಲ ಕೇಳುತ್ತಲೂ ಇರಲಿಲ್ಲ. ಕಣ್ಣಲ್ಲೇ ನೋಡಿ ಗೆರೆಗಳನ್ನು ಕತ್ತರಿಸುತ್ತಿದ್ದ.

"ಅಪ್ಪಾ, ಹಸಿರು ಪೆಟ್ಟಿಗೇದು..."

"ಆಮೇಲೆ ಹೇಳು ಪುಟ್ಟಾ. ಬೆಳಿಗ್ಗೆ ಕೊಡ್ಬೇಕು," ಎಂದ ಅಪ್ಪ, ಪರದೆಯಿಂದ ಕಣ್ಣು ತೆಗೆಯದೆ.

ಎರಡು ದಪ್ಪ ಪಟ್ಟೆಗಳ ಮಧ್ಯೆ ಉದ್ದನೆಯ ದಾರದಂಥ ಗೆರೆ ಇತ್ತು, ಪಿಸುಮಾತಿನ ಹಾಡಿದ್ದ ಜಾಗ. ಅಪ್ಪನ ಬೆರಳು ಕ್ಲಿಕ್ ಅಂದಿತು. ಗೆರೆ ಮಾಯವಾಯಿತು. ಗಿಣಿಯ ಬಾಯಿ ತೆರೆಯಿತು. ಮಾತು ಬರಲಿಲ್ಲ. ಕಾಲುಚೀಲದ ಕಾಲಿನಲ್ಲಿ ಮೆಲ್ಲಗೆ ಹೋಗಿ ಮಲಗಿದಳು.

ಬೆಳಿಗ್ಗೆ ಡಾಕ್ಟರು ಬಂದಾಗ ಅಮ್ಮ ತರಕಾರಿ ತರಲು ಹೋಗಿದ್ದಳು. ಟೇಪಿನ ಡಬ್ಬ ಬಾಗಿಲ ಪಕ್ಕದಲ್ಲಿತ್ತು, ಹಳೇ ಸಾಮಾನಿನವರಿಗೆ ಎಂದು. ಅಪ್ಪ ಅವರ ಕೈಗೆ ಪೆನ್‌ಡ್ರೈವ್ ಕೊಟ್ಟ.

"ಎಲ್ಲ ಹಾಡೂ ಇದೆ ಡಾಕ್ಟ್ರೇ. ಮಧ್ಯದ್ದೇನೂ ಇಲ್ಲ. ಕ್ಲೀನ್."

"ಥ್ಯಾಂಕ್ಸ್," ಎಂದು ಅವರು ಬ್ಯಾಗಿನ ಜಿಪ್ ಎಳೆದರು. ಚಪ್ಪಲಿ ಹಾಕಿಕೊಳ್ಳಲು ತಿರುಗಿದರು.

"ಆಂಟಿ," ಎಂದಳು ಗಿಣಿ.

ಬಹಳ ದಿನ ಉಪಯೋಗಿಸದ ದನಿ ಕರಕರ ಎಂದಿತು. ಅಪ್ಪ ಬೆರಗಾಗಿ ನೋಡಿದ.

"ನೀವು ಆವತ್ತು ಎಚ್ಚರವಾಗೇ ಇದ್ರಿ ಅಲ್ವಾ?"

"ಯಾವತ್ತು?"

"ಸ್ಟುಡಿಯೋದಲ್ಲಿ. ಮಲಗಿದ ಹಾಗೆ ಮಾಡಿದ್ರಿ."

ಡಾಕ್ಟರ ಕೈ ಜಿಪ್ಪಿನ ಮೇಲೆ ಹಾಗೇ ನಿಂತಿತು. "ಅದು ನಿನಗೆ ಯಾರು ಹೇಳಿದ್ರು? ನಾನು ಯಾರಿಗೂ ಹೇಳಿಲ್ಲ."

"ಟೇಪಲ್ಲಿ ಇದೆ. ಅಪ್ಪ ಕಟ್ ಮಾಡಿದ್ದರಲ್ಲಿ."

ಗಿಣಿ ಡಬ್ಬದಿಂದ ಹಸಿರು ಪೆಟ್ಟಿಗೆ ತೆಗೆದು ಅಪ್ಪನ ಮುಂದೆ ಹಿಡಿದಳು. ಅಪ್ಪ ಒಮ್ಮೆ ಅವಳನ್ನು, ಒಮ್ಮೆ ಡಾಕ್ಟರನ್ನು ನೋಡಿದ. ಏನೂ ಕೇಳದೆ ಚಕ್ರವನ್ನು ಮೆಷೀನಿಗೆ ಹಾಕಿದ. ಹೆಡ್‌ಫೋನು ಕಿತ್ತು ಸ್ಪೀಕರಿಗೆ ಜೋಡಿಸಿದ. ಎಲ್ಲಿಂದ ಹಾಕಬೇಕು ಎಂದು ಗಿಣಿ ತೋರಿಸಿದಳು.

"ಶ್. ಮಗಳು ಮಲಗ್ಬಿಟ್ಟಿದಾಳೆ."

ಡಾಕ್ಟರು ಮೆಲ್ಲಗೆ ಕುರ್ಚಿಯ ತುದಿಯಲ್ಲಿ ಕೂತರು. ಪಿಸುಮಾತಿನ ಹಾಡು ನಡುಮನೆಯಲ್ಲಿ ಹರಡಿತು. ಅಪ್ಪ ಗೋಡೆಗೆ ಒರಗಿ ನಿಂತಿದ್ದ.

"ಕೇಳಿ, ಈಗ," ಎಂದಳು ಗಿಣಿ. "ಅದು ನಿಮ್ಮ ಕಾಲು."

ಟಕ್, ಟಕ್.

ಹಾಡು ಮುಗಿಯಿತು. "ಇನ್ನೊಂದ್ಸಲ ಹಾಕ್ತೀರಾ?" ಎಂದರು ಡಾಕ್ಟರು. ಅಪ್ಪ ಹಾಕಿದ.

"ಸಾಕಾಗಿತ್ತು ನನಗೆ," ಎಂದರು ಅವರು, ಗಿಣಿಗೆ ಮಾತ್ರ ಹೇಳುವ ಹಾಗೆ. "ಮಲಗಿದೀನಿ ಅಂತ ಗೊತ್ತಾದ್ರೆ ಮನೆಗೆ ಕರ್ಕೊಂಡು ಹೋಗ್ತಾರೆ ಅಂದ್ಕೊಂಡಿದ್ದೆ. ಅವರು ಹಾಡೋದು ನಿಲ್ಲಿಸ್ಲಿಲ್ಲ. ಅದೊಂದೇ ನೆನಪಿತ್ತು. ಆಮೇಲೆ ನಾನು ಹೋಗೋದೇ ಬಿಟ್ಟೆ." ಅವರು ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸಿದರು. "ಹೀಗೆ ಹಾಡಿದ್ದು ನೆನಪೇ ಇರಲಿಲ್ಲ. ನಾನು ತಾಳ ಹಾಕಿದ್ದಂತೂ..."

ಅವರ ಮಾತೂ ಅರ್ಧಕ್ಕೇ ನಿಂತಿತು. ಆದರೆ ಈ ಅರ್ಧ ಮಾತು ಗಿಣಿಗೆ ಅರ್ಥವಾಯಿತು.

"ನಿಮಗೆ ಸಾಕಾಗಿದೆ ಅಂತ ಅವರಿಗೆ ಹೇಳಿದ್ರಾ?" ಎಂದು ಕೇಳಿದಳು.

"ಇಲ್ಲ," ಎಂದರು ಡಾಕ್ಟರು. "ಯಾವತ್ತೂ ಹೇಳ್ಲಿಲ್ಲ."

ಅವರು ಎದ್ದು ಬಾಗಿಲ ಪಕ್ಕದ ಡಬ್ಬವನ್ನು ಎತ್ತಿಕೊಂಡರು. ಅಪ್ಪ ಹಸಿರು ಪೆಟ್ಟಿಗೆಯನ್ನು ಅದರೊಳಗೆ ಇಟ್ಟ. "ಇವನ್ನೆಲ್ಲ ಪೂರ್ತಿ ಕಂಪ್ಯೂಟರಿಗೆ ಇಳಿಸಿದ್ದು ಇದೆ ಡಾಕ್ಟ್ರೇ, ಏನೂ ಕತ್ತರಿಸದೆ. ಅದನ್ನೂ ಕೊಡ್ತೀನಿ," ಎಂದ. ಅವನ ದನಿ ಸಣ್ಣಗಾಗಿತ್ತು.

"ಕೊಡಿ. ಟೇಪೂ ತಗೊಂಡು ಹೋಗ್ತೀನಿ. ಜಾಗ ಮಾಡ್ಕೋಬೇಕು."

"ಆಂಟಿ," ಎಂದಳು ಗಿಣಿ ಮತ್ತೆ. "ಕೊನೇ ಟೇಪು ಕೇಳುವಾಗ, ಹಾಡು ಮುಗೀತು ಅಂತ ನಿಲ್ಲಿಸ್ಬೇಡಿ. ಸ್ವಲ್ಪ ಹೊತ್ತು ಬಿಡಿ."

"ಏನಿದೆ ಅದರಲ್ಲಿ?"

ಗಿಣಿ ತಲೆ ಅಲ್ಲಾಡಿಸಿದಳು. ಅದನ್ನು ತಾನು ಹೇಳಬಾರದು ಅನ್ನಿಸಿತು ಅವಳಿಗೆ.

ಡಾಕ್ಟರು ಹೋದ ಮೇಲೆ ಅಪ್ಪ ಮೆಷೀನಿನ ವೈರುಗಳನ್ನು ಸುತ್ತತೊಡಗಿದ. ಗಿಣಿ ಅಲ್ಲೇ ನಿಂತಿದ್ದಳು.

"ನೀನು ಹೇಳೋವರೆಗೂ ನನಗೆ ಆ ಕಾಲಿನ ಸದ್ದು ಕೇಳಿಸಲೇ ಇಲ್ಲ," ಎಂದ ಅಪ್ಪ. "ನಿನಗೆ ಹೇಗೆ ಕೇಳಿಸ್ತು?"

ಅದನ್ನು ಹೇಗೆ ವಿವರಿಸುವುದೋ ಗಿಣಿಗೆ ತಿಳಿಯಲಿಲ್ಲ. ಮಗಳು ಎಚ್ಚರವಾಗಿದ್ದಾಳೆ ಎಂದು ಸಿಡಿಲಿಗೆ ಗೊತ್ತಿರಲಿಲ್ಲ. ಮಲಗಿದ್ದಾಳೆ ಅಂದುಕೊಂಡೇ ಅಷ್ಟು ಮೆಲ್ಲಗೆ ಹಾಡಿದರು. ಪಾಪ, ಅವರಿಗಾದರೂ ಯಾರು ಹೇಳಬೇಕಿತ್ತು?

ಅಪ್ಪನ ಕೈಯಲ್ಲಿ ವೈರು ಸುತ್ತುತ್ತಲೇ ಇತ್ತು.

"ಅಪ್ಪಾ," ಎಂದಳು. "ನಾನು ಮಾತು ಕಮ್ಮಿ ಅಲ್ಲ."

"ಹಾಂ?"

"ಇಲ್ಲಿ ಮಾತಾಡೋಕೆ ಯಾರೂ ಇಲ್ಲ. ಸ್ಕೂಲಲ್ಲೂ ಇಲ್ಲ. ನನಗೆ ತುಂಬ ಬೇಜಾರಾಗತ್ತೆ."

ವೈರು ಅರ್ಧ ಸುತ್ತಿದಲ್ಲೇ ನಿಂತಿತು. ಅಪ್ಪ ಅವಳನ್ನೇ ನೋಡಿದ.

"ಯಾವಾಗಿಂದ?" ಎಂದ.

"ಈ ಮನೆಗೆ ಬಂದಾಗಿಂದ. ಕ್ಲಾಸಲ್ಲಿ ಒಂದು ದಿನ ಟೀಚರ್..."

ಒಳಗಿನ ಕೋಣೆಯಲ್ಲಿ ಫೋನು ರಿಂಗಾಯಿತು. ಅಪ್ಪ ಬಾಗಿಲ ಕಡೆ ನೋಡಿದ, ಗಿಣಿಯ ಕಡೆ ನೋಡಿದ. ಪಾಠದ ಮಾಮನೇ ಇರಬೇಕು. ಬರುವ ಹೊತ್ತಾಗಿತ್ತು.

"ಹೋಗಿ ತಗೋ," ಎಂದಳು ಗಿಣಿ. "ನಾನು ಇಲ್ಲೇ ಇರ್ತೀನಿ."

ಅಪ್ಪ ಒಳಗೆ ಹೋದ. ಗಿಣಿ ಸ್ಟೂಲು ಎಳೆದುಕೊಂಡು ಕೂತಳು. ಕೆಲಸದ ಮಾತು ಗೋಡೆಯ ಆಚೆ ಸ್ವಲ್ಪ ಹೊತ್ತು ಗುಣುಗುಣು ಅಂದಿತು. ಕಿಟಕಿಯ ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅಪ್ಪ ಇನ್ನೂ ಬರಲಿಲ್ಲ. ಗಿಣಿ ಟೀಚರ್ ಹೇಳಿದ ಮಾತನ್ನು, ಕ್ಲಾಸಿನ ನಗುವನ್ನು, ಒಂಟಿ ಬೆಂಚನ್ನು ಮನಸ್ಸಿನಲ್ಲಿ ಒಂದರ ಹಿಂದೆ ಒಂದು ಇಟ್ಟುಕೊಂಡಳು.

ಆಮೇಲೆ ಬಾಗಿಲು ತೆರೆಯಿತು. ಅಪ್ಪ ಇನ್ನೊಂದು ಸ್ಟೂಲು ತಂದು ಅವಳ ಎದುರು ಹಾಕಿಕೊಂಡು ಕೂತ.

"ಹೇಳು," ಎಂದ. "ಎಲ್ಲಿಗೆ ನಿಲ್ಸಿದ್ದೆ?"

ಗಿಣಿ ಮೊದಲಿನಿಂದ ಶುರುಮಾಡಿದಳು.